ಮೊಮ್ಮಗಳ ಮೂಗು ಮತ್ತು ಇಪ್ಪತ್ತು ಸೆಕೆಂಡು

ನನಗೆ ಮೊಮ್ಮಗಳು ಹುಟ್ಟಿದ್ದಾಳೆ. ಈ ಸುದ್ದಿ ಇನ್ನೂ ಯಾರಿಗಾದರೂ ಮುಟ್ಟಿಲ್ಲದಿದ್ದರೆ ಅದು ನನ್ನ ತಪ್ಪಲ್ಲ, ಅವರ ಕಿವಿಯ ತಪ್ಪು. ಬ್ಯಾಡಗಿಯ ನಮ್ಮ ಓಣಿಯಲ್ಲಂತೂ ನನ್ನನ್ನು ಕಂಡರೆ ಜನ ದಾರಿ ಬದಲಿಸುತ್ತಾರೆ. ಮೊನ್ನೆ ಗ್ಯಾಸ್ ಸಿಲಿಂಡರ್ ತಂದವನು ನಾನು ಬಾಯಿ ತೆರೆಯುವ ಮೊದಲೇ, "ಗೊತ್ತೈತ್ರೀ ಅಮ್ಮಾರ. ಹೆಣ್ಣು, ಮೂರು ಕೇಜಿ" ಎಂದವನೇ ಓಡಿಹೋದ!

ಆ ಮೂರು ಕೇಜಿಯಲ್ಲಿ ಒಂದು ತೊಲದಷ್ಟು ಭಾಗದ ಮೇಲೆ ಮಾತ್ರ ತಕರಾರಿತ್ತು. ಅದು ಮೂಗು.

ಹಾವೇರಿಯ ಆಸ್ಪತ್ರೆಯಲ್ಲಿ ಮಗು ಇನ್ನೂ ನೆಟ್ಟಗೆ ಕಣ್ಣು ಬಿಟ್ಟಿರಲಿಲ್ಲ, ರಾಣೆಬೆನ್ನೂರಿನಿಂದ ಬಂದ ನಮ್ಮ ಬೀಗತಿ ಶಾಂತಕ್ಕ, "ಮೂಗು ನೋಡ್ರಿ, ಥೇಟ್ ನಮ್ಮ ಮನೀದು!" ಎಂದು ತೀರ್ಪು ಕೊಟ್ಟುಬಿಟ್ಟರು. ಅದೂ ನರ್ಸಿನ ಎದುರಿಗೆ. ನಾನು ಆಗ ಬಿಸಿನೀರು ತರಲು ಹೋಗಿದ್ದೆ. ಬರುವಷ್ಟರಲ್ಲಿ ಮೂಗು ರಾಣೆಬೆನ್ನೂರಿನ ಪಾಲಾಗಿತ್ತು. ಹೊತ್ತವಳು, ಹೆತ್ತವಳು ನನ್ನ ಮಗಳು ಸವಿತಾ. ಎಣ್ಣೆ ತಿಕ್ಕಿ ಎರೆಯುತ್ತಿರುವವಳು ನಾನು. ಮೂಗು ಮಾತ್ರ ಅವರದಂತೆ!

ಹೋದ ಶನಿವಾರ ಮಗುವನ್ನು ತೊಟ್ಟಿಲಿಗೆ ಹಾಕುವ ಕಾರ್ಯ ಇತ್ತು. ಓಣಿಯ ಹೆಂಗಸರೆಲ್ಲ ಬರುವ ದಿನ. ಅಂದು ಬೀಗತಿ ಇನ್ನೊಮ್ಮೆ ಆ ಮಾತು ಆಡಿದರೆ ಮುಗಿದೇ ಹೋಯಿತು. ಮಗು ಮುಂದೆ ತಾನೇ ಅಜ್ಜಿಯಾದರೂ ಅದು ರಾಣೆಬೆನ್ನೂರಿನ ಮೂಗೇ. ಆದ್ದರಿಂದ ನಾನು ಸಾಕ್ಷಿ ತಯಾರು ಮಾಡಿದ್ದೆ. ಸವಿತಾ ಕೂಸಾಗಿದ್ದಾಗಿನ ಫೋಟೋ ಒಂದು, ಈ ಕೂಸಿನ ಫೋಟೋ ಒಂದು. ಎರಡನ್ನೂ ಅಕ್ಕಪಕ್ಕದಲ್ಲಿ ದೊಡ್ಡ ಟೀವಿಯ ಮೇಲೆ ತೋರಿಸುವುದು, ಬೀಗತಿಯ ಬಾಯಿ ಮುಚ್ಚಿಸುವುದು. ಸರಳ ಯೋಜನೆ.

ಅಳಿಯ ಮಂಜುನಾಥ ಹೈಸ್ಕೂಲ್ ಮಾಸ್ತರ. ಹೆಂಡತಿ ತವರಿಗೆ ಬಂದಾಗಿನಿಂದ ಒಂದು ಕಂಪ್ಯೂಟರನ್ನು ನಮ್ಮ ಪಡಸಾಲೆಯಲ್ಲೇ ಇಟ್ಟಿದ್ದಾನೆ. ಎಲ್ಲರ ಮನೆಯಲ್ಲಿರುವಂಥದ್ದಲ್ಲವಂತೆ ಅದು, ಲಿನಕ್ಸ್ ಅಂತೆ. ಅದರ ಗುರುತು ಹೊಟ್ಟೆ ಬಿಟ್ಟುಕೊಂಡು ಕುಳಿತ ಒಂದು ಪೆಂಗ್ವಿನ್ ಹಕ್ಕಿ. "ನೀವು ಹೇಳಿದಂಗ ಕೇಳತೈತ್ರಿ ಅತ್ತಿ, ಇದರ ದೊಡ್ಡ ಗುಣ ಅದ" ಎಂದಿದ್ದ. ಮದುವೆಯಾಗಿ ನಲವತ್ತು ವರ್ಷ ಕಳೆದ ಮೇಲೆ ಈ ಮನೆಯಲ್ಲಿ ನಾನು ಹೇಳಿದ ಹಾಗೆ ಕೇಳುವ ಮೊದಲ ವಸ್ತು! ನನಗೆಂದೇ ಅದರ ಅಕ್ಷರಗಳನ್ನೆಲ್ಲ ಕನ್ನಡಕ್ಕೆ ತಿರುಗಿಸಿಯೂ ಕೊಟ್ಟಿದ್ದ. ನನ್ನ ಓದು ಮೂರನೇ ಇಯತ್ತೆ. ಧಾರಾಳ ಸಾಕು ಅಂದುಕೊಂಡೆ.

ಅಂದು ಬೆಳಿಗ್ಗೆ ಅವನು ಕಂಪ್ಯೂಟರಿನಿಂದ ಟೀವಿಗೆ ವೈರು ಸಿಕ್ಕಿಸಿ, ಎರಡೂ ಫೋಟೋ ತೆರೆದಿಟ್ಟು, ತಾಯಿಯನ್ನು ಕರೆತರಲು ರಾಣೆಬೆನ್ನೂರಿಗೆ ಹೊರಟ. "ಹಿಂಗ ಇರ್ಲಿ ಅತ್ತಿ. ಬಂದು ಸರಿ ಮಾಡ್ತೀನಿ. ಏನೂ ಮುಟ್ಟಬ್ಯಾಡ್ರಿ."

ಸರಿ ಮಾಡಬೇಕಾದದ್ದು ಎರಡು ಇತ್ತು. ಟೀವಿಯ ಎರಡೂ ಬದಿಗೆ ಕಪ್ಪು ಪಟ್ಟಿ, ದೃಷ್ಟಿಯಾಗದಿರಲೆಂದು ಕಾಡಿಗೆ ಬಳಿದ ಹಾಗೆ. ಅದಕ್ಕಿಂತ ದೊಡ್ಡದು, ಮೊಮ್ಮಗಳು ತಲೆಕೆಳಗಾಗಿದ್ದಳು. ನಮ್ಮ ಯಜಮಾನರು ಮೊಬೈಲನ್ನು ಉಲ್ಟಾ ಹಿಡಿದು ತೆಗೆದ ಫೋಟೋ ಅದು.

"ಅಳಿಯಂದ್ರು ಮುಟ್ಟಬ್ಯಾಡ ಅಂದಾರ" ಎಂದರು ಯಜಮಾನರು.

"ಅವರು ಬೀಗತೀನ್ನ ಕರಕೊಂಡ ಬರತಾರ. ಅಕಿ ಒಳಗ ಕಾಲಿಡೂದ್ರಾಗ ನಮ್ಮ ಕೂಸು ಬಾವಲಿಯಂಗ ಜೋತಾಡಬೇಕೇನು?"

ಅಳಿಯ ಮಾಡುತ್ತಿದ್ದುದನ್ನು ನೋಡಿದ್ದೆ. ಮೌಸಿನ ಬಲಗಿವಿ ಒತ್ತಿದೆ. ಮಾತುಗಳ ಒಂದು ಪಟ್ಟಿ ಬಿಚ್ಚಿಕೊಂಡಿತು. ಅದರಲ್ಲಿ 'ಪರದೆ' ಎಂಬ ಮಾತು ಕಂಡಿತು. ಅಷ್ಟರಲ್ಲಿ ಪಕ್ಕದ ಮನೆಯ ಖೈರುನ್‌ಬಿ ಕೂಸು ನೋಡಲು ಬಂದಳು.

"ಪರದಾ ಅಂದ್ರ ನಮ್ಮ ಮಾತು ಗೌರಕ್ಕ, ನೀ ಸರಿ ಅತ್ತಾಗ" ಎಂದು ನನ್ನ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕುಳಿತಳು. ಹೀಗೆ ಮೂವರ ಸಮಿತಿ ರಚನೆಯಾಯಿತು.

ಮೊದಲು ಸಿಕ್ಕದ್ದು 'ಪರದೆಗಳನ್ನು ಜೋಡಿಸು'. ಜೋಡಿಸುವುದು ಪುಣ್ಯದ ಕೆಲಸ. ಈ ಊರಿನಲ್ಲಿ ನಾನು ಜೋಡಿಸಿದ ಸಂಬಂಧಗಳೇ ಏಳೆಂಟಿವೆ. ಒತ್ತಿದೆ. ಆಮೇಲೆ 'ಪ್ರಾಥಮಿಕ' ಯಾವುದು ಎಂದು ಕೇಳಿತು. ನಾನು ಓದಿದ್ದೇ ಪ್ರಾಥಮಿಕ, ಅದೂ ಪೂರ್ತಿ ಅಲ್ಲ. ಆದರೂ ಅಭಿಮಾನದಿಂದ ಟೀವಿಯನ್ನು ತೋರಿಸಿದೆ. ಕೊನೆಗೆ 'ಅನ್ವಯಿಸು' ಎಂಬ ಗುಂಡಿ.

"ಹಂಗಂದ್ರೇನ್ರಿ?"

"ಬ್ಯಾಂಕಿನ ಕಾಗದದಾಗ ಕೆಳಗ ಸಣ್ಣಕ್ಷರದಾಗ ಇರತೈತಿ" ಎಂದರು ಯಜಮಾನರು. "ಯಾರೂ ಓದೂದಿಲ್ಲ. ಒತ್ತು."

ಒತ್ತಿದೆ. ಟೀವಿ ಒಮ್ಮೆ ಕಣ್ಣು ಮುಚ್ಚಿ ತೆರೆಯಿತು. ಕಪ್ಪು ಪಟ್ಟಿ ಮಾಯ! ಕಂಪ್ಯೂಟರಿನ ಮೇಲಿದ್ದ ಸಾಮಾನೆಲ್ಲ ಮನೆ ಖಾಲಿ ಮಾಡಿದ ಹಾಗೆ ಟೀವಿಗೆ ಸಾಗಿತ್ತು. ನಡುವೆ ಒಂದು ಚೌಕ ಎದ್ದು ಏನನ್ನೋ ಕೇಳುತ್ತಿತ್ತು. ಅದರೊಳಗೆ ಅಂಕಿಗಳು ಇಳಿಯತೊಡಗಿದವು. ಇಪ್ಪತ್ತು, ಹತ್ತೊಂಬತ್ತು, ಹದಿನೆಂಟು...

"ಏ, ದೂರ ಸರಿ! ರಾಕೆಟ್ ಬಿಡೂವಾಗ ಹಿಂಗ ಎಣಸ್ತಾರ!" ಎಂದು ಯಜಮಾನರು ಬಾಗಿಲಿಗೆ ಓಡಿದರು.

ನಾನು ಓದತೊಡಗಿದೆ. "ಈ... ಪ್ರ... ದ... ರ್ಶ... ಕ..." ಮೂರನೇ ಇಯತ್ತೆಯವಳಿಗೆ ಒತ್ತಕ್ಷರ ಬಂದರೆ ಉಸಿರು ತೆಗೆದುಕೊಳ್ಳಬೇಕಾಗುತ್ತದೆ. ನಾನು ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಸೊನ್ನೆ ಬಂದು ಎಲ್ಲವೂ ಮೊದಲಿನಂತಾಯಿತು. ಕಪ್ಪು ಪಟ್ಟಿಯೂ ವಾಪಸ್ಸು!

ಇನ್ನೊಮ್ಮೆ ಮಾಡಿದೆ. ಈ ಸಲ "ಸಿ... ದ್ಧ... ತೆ" ತನಕ ಓದಿದೆ. ಮತ್ತೆ ಸೊನ್ನೆ. ಮೂರನೆಯ ಸಲ ಖೈರುನ್‌ಬಿ ಅಂಕಿ ಎಣಿಸಿ ಹುರುಪು ತುಂಬಿದಳು. ಅವಳ ಎಣಿಕೆ ಕೇಳುತ್ತ ನಾನು ಓದುವುದನ್ನೇ ಮರೆತೆ.

"ಗೌರಕ್ಕ, ಓದಾಕ ಯಾಕ ಹೋಗ್ತಿ? ಕೆಳಗಿನ ಗುಂಡಿ ನೋಡಿ ಇಟ್ಟುಕೋ. ಚೌಕ ಎದ್ದ ಕೂಡಲೇ ಬಡಿ."

ಇದಲ್ಲವೇ ಬುದ್ಧಿ! ನಾಲ್ಕನೆಯ ಸಲ ಚೌಕ ಎದ್ದದ್ದೇ ತಡ, ಇಪ್ಪತ್ತು ಹತ್ತೊಂಬತ್ತಾಗುವುದರೊಳಗೆ ಬಡಿದೆ. ಪರದೆ ಅಲ್ಲಾಡದೆ ನಿಂತಿತು. ಮೂವರೂ ಚಪ್ಪಾಳೆ ತಟ್ಟಿದೆವು. ಮಗು ಎಚ್ಚರವಾಗಿ ಅತ್ತಿತು. ಒಳಗಿಂದ ಸವಿತಾ, "ಅವ್ವಾ, ಏನ್ ನಡಸೀರಿ ಅಲ್ಲೆ?" ಎಂದು ಕೂಗಿದಳು. "ಏನಿಲ್ಲವಾ, ನಿನ್ನ ಮೂಗು ಉಳಸಾಕತ್ತೇನಿ!" ಎಂದೆ.

ಉಳಿದದ್ದು ತಲೆಕೆಳಗಾದ ಕೂಸು. ಮಾತುಗಳ ಪಟ್ಟಿಯಲ್ಲಿ ಹುಡುಕಿದರೆ ಅಲ್ಲಿಯೇ ಇತ್ತು, ಸ್ಪಷ್ಟ ಕನ್ನಡದಲ್ಲಿ: 'ತಲೆಕೆಳಗು'. ಕೂಸು ತಲೆಕೆಳಗಿದೆ, ಇದನ್ನು ಒತ್ತಿದರೆ ನೆಟ್ಟಗಾಗುತ್ತದೆ. ಲೆಕ್ಕ ತಪ್ಪಿಲ್ಲ. ಒತ್ತಿದೆ, ಅನ್ವಯಿಸಿದೆ. ಚೌಕ ಏಳುವುದನ್ನೇ ಕಾಯುತ್ತಿದ್ದ ನನ್ನ ಕೈಗೆ ಅಷ್ಟರಲ್ಲಿ ಒಳ್ಳೆಯ ರೂಢಿಯಾಗಿತ್ತು. ಕಣ್ಣು ನೋಡುವ ಮೊದಲೇ ಬಡಿದೆ!

ಮೊಮ್ಮಗಳು ನೆಟ್ಟಗಾದಳು. ಉಳಿದ ಲೋಕವೆಲ್ಲ ತಲೆಕೆಳಗಾಯಿತು.

ಅಕ್ಷರಗಳು ಕಾಲು ಮೇಲೆ ಮಾಡಿದವು. ಪಕ್ಕದ ಫೋಟೋದಲ್ಲಿ ಸರಿಯಾಗಿಯೇ ಇದ್ದ ಸವಿತಾ ಈಗ ಜೋತಾಡತೊಡಗಿದಳು. ಸರಿಪಡಿಸಲು ಹೋದರೆ ಮೌಸಿಗೂ ತಲೆಕೆಟ್ಟಿತ್ತು. ಬಲಕ್ಕೆ ತಳ್ಳಿದರೆ ಬಾಣ ಎಡಕ್ಕೆ, ಮೇಲೆ ತಳ್ಳಿದರೆ ಕೆಳಕ್ಕೆ.

"ಕೊಡು ಇಲ್ಲೆ" ಎಂದಳು ಖೈರುನ್‌ಬಿ. "ಉರ್ದು ಓದಿದಾಕಿ ನಾನು. ನಿಮಗ ಉಲ್ಟಾ ಅಂದ್ರ ನಮಗ ಸೀದಾ." ಅತ್ಯಂತ ವಿಶ್ವಾಸದಿಂದ ಬಾಣವನ್ನು ಒಂದು ಮೂಲೆಗೆ ಒಯ್ದು ಸಿಕ್ಕಿಸಿದಳು. ಅದು ಮತ್ತೆ ಕಾಣಲಿಲ್ಲ. "ಮ್ಯಾಲೆ ಕೆಳಗ ನಾವೂ ನಿಮ್ಮಂಗ ಓದೂದು" ಎಂದು ಮೌಸನ್ನು ನನ್ನ ಕೈಗೇ ಕೊಟ್ಟಳು.

ಆಗ ಮಂಜುನಾಥನ ಫೋನು. "ಅತ್ತಿ, ಕದರಮಂಡಲಗಿ ಹಣಮಪ್ಪಗ ಕಾಯಿ ಒಡಿಸೇವಿ. ಇನ್ನ ಹತ್ತು ನಿಮಿಷದಾಗ ಬಂದ್ವಿ."

ಹತ್ತು ನಿಮಿಷ! ಯಜಮಾನರು ಅಂಗಿಯ ತೋಳು ಮಡಚಿ ಎದ್ದು ನಿಂತರು. ಜೀವಮಾನವಿಡೀ ಮೆಣಸಿನಕಾಯಿ ಚೀಲ ಹೊರಳಿಸಿದವರು ಅವರು. ಅವರಿಗೆ ತಿಳಿದ ಪರಿಹಾರ ಒಂದೇ.

"ಟೀವೀನ ಹೊಳ್ಳಿಸಿ ಇಟ್ಟರ ಆತಲ್ಲ?"

ಮೂವರೂ ಸೇರಿ ಟೀವಿಯನ್ನು ಎತ್ತಿ, ತಲೆ ಕೆಳಗೆ ಮಾಡಿ, ಬಾಣಂತಿಯ ಎರಡು ದಿಂಬಿನ ಮೇಲೆ ಕೂರಿಸಿದೆವು. ಬೆವರು ಒರೆಸಿಕೊಂಡು ನೋಡಿದೆವು. ಅಕ್ಷರ ನೆಟ್ಟಗೆ. ಸವಿತಾ ನೆಟ್ಟಗೆ. ಮೊಮ್ಮಗಳು ತಲೆಕೆಳಗು.

ಇಷ್ಟೆಲ್ಲ ಸಾಹಸ ಮಾಡಿ ನಾವು ಹೊರಟಲ್ಲಿಗೇ ಬಂದು ನಿಂತಿದ್ದೆವು. ಟೀವಿ ಮಾತ್ರ ಶೀರ್ಷಾಸನದಲ್ಲಿತ್ತು!

ಬಾಗಿಲಲ್ಲಿ ಬೀಗತಿ ನಿಂತಿದ್ದರು. ಕೈಯಲ್ಲಿ ಕಾಯಿ, ಹೂವು. "ಗೌರಕ್ಕಾರ, ಇದೇನ್ರಿ, ಟೀವಿಗೂ ತೊಟ್ಟಿಲ ಹಾಕಾಕತ್ತೀರೇನು? ದಿಂಬ ಕೊಟ್ಟು ಮಲಗ್ಸೀರಿ!"

ಮಂಜುನಾಥ ಒಳಗೆ ಬಂದ. ಮಾಸ್ತರು ಕೆಟ್ಟ ಉತ್ತರಪತ್ರಿಕೆ ನೋಡುವ ಹಾಗೆ ಎರಡೂ ಪರದೆ ನೋಡಿ ಕುಳಿತ. ಮೊದಲು ಕಂಪ್ಯೂಟರಿನ 'ತಲೆಕೆಳಗು' ತೆಗೆದ. ದಿಂಬಿನ ಮೇಲಿದ್ದ ಟೀವಿಯಲ್ಲಿ ಈಗ ಸವಿತಾ ತಲೆಕೆಳಗು. ಟೀವಿಯನ್ನು ನೆಟ್ಟಗೆ ಇಡಿಸಿದ. ಕೂಸಿನ ಫೋಟೋವನ್ನು ಸರಿ ಮಾಡಲೆಂದು ಕಂಪ್ಯೂಟರಿನ ಕಡೆ ಎಳೆಯುತ್ತಿದ್ದಾಗ ಅದು ನಟ್ಟನಡುವೆ ನಿಂತಿತು. ಅರ್ಧ ಮುಖ ಕಂಪ್ಯೂಟರಿನಲ್ಲಿ, ಅರ್ಧ ಟೀವಿಯಲ್ಲಿ, ಮೂಗು ಸರಿಯಾಗಿ ಎರಡು ಹೋಳು.

"ಸಾಕ ಬಿಡಪಾ" ಎಂದರು ಯಜಮಾನರು. "ಅರ್ಧ ರಾಣೆಬೆನ್ನೂರಿಗೆ, ಅರ್ಧ ಬ್ಯಾಡಗಿಗೆ. ಜಗಳ ಮುಗೀತು."

"ನೀವು ಸುಮ್ನ ಕೂಡ್ರಿ!" ಎಂದು ನಾನೂ ಬೀಗತಿಯೂ ಒಟ್ಟಿಗೇ ಅಂದೆವು.

"ಅತ್ತಿ, ಫೋಟೋ ಒಂದನ್ನ ತಿರಗಸಾಕ ಒಂದು ಗುಂಡಿ ಐತಿ" ಎಂದ ಮಂಜುನಾಥ. "ನೀವು ಇಡೀ ಕಂಪ್ಯೂಟರ ತಿರಗಿಸೀರಿ. ಅದು ಕೇಳಿತ್ತಲ್ಲರಿ, ಹಿಂಗ ಇಟ್ಟುಕೊಳ್ಳೂದ ಖರೇನಾ ಅಂತ? ಏನೂ ಮುಟ್ಟದ ಇಪ್ಪತ್ತು ಸೆಕೆಂಡು ಸುಮ್ನ ಕೂತಿದ್ರ ತಾನಾಗೇ ಮೊದಲಿನಂಗ ಆಗ್ತಿತ್ತು. ಗೊತ್ತಿಲ್ಲದವರು ಕೆಡಿಸಬಾರದು ಅಂತನ ಅದನ್ನ ಇಟ್ಟಾರ."

ಇಪ್ಪತ್ತು ಸೆಕೆಂಡು ಸುಮ್ಮನೆ ಕೂರುವುದು! ನಮ್ಮ ಮನೆತನದಲ್ಲಿ ಅಂಥ ಸಾಧನೆ ಇದುವರೆಗೆ ಯಾರೂ ಮಾಡಿದ ದಾಖಲೆಯಿಲ್ಲ.

ಅವನು ಆ ಒಂದು ಗುಂಡಿ ಒತ್ತಿ, ಫೋಟೋವನ್ನು ಮತ್ತೆ ಟೀವಿಗೆ ಎಳೆದ. ಅಷ್ಟರಲ್ಲಿ ಓಣಿಯ ಹೆಂಗಸರೂ ಬಂದು ಪಡಸಾಲೆ ತುಂಬಿತ್ತು. ಟೀವಿಯ ತುಂಬ ಎರಡು ಕೂಸುಗಳು, ಎರಡೂ ನೆಟ್ಟಗೆ. ಬೆಲ್ಲದಚ್ಚಿನಷ್ಟು ದೊಡ್ಡ ಎರಡು ಮೂಗು, ಒಂದರ ಪಡಿಯಚ್ಚು ಇನ್ನೊಂದು! ನನ್ನ ಎದೆ ಉಬ್ಬಿತು. ಬೀಗತಿ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು.

"ನಮ್ಮದಲ್ಲ ಬಿಡ್ರಿ" ಎಂದರು ಕೊನೆಗೆ.

ಕುಣಿಯುವುದೊಂದೇ ಬಾಕಿ ನನಗೆ! "ನಾ ಹೇಳಿದ್ನಿಲ್ಲೋ? ನಂದ ಐತಿ, ನನ್ನ ಮೂಗ!"

"ನಿಮ್ಮದು ಎಲ್ಲಿಂದ ಬಂತ್ರೀ?" ಬೀಗತಿ ನನ್ನ ಮುಖ ನೋಡಿದರು, ಟೀವಿ ನೋಡಿದರು. ಆಮೇಲೆ ನಮ್ಮ ಯಜಮಾನರ ಕಡೆ ತಿರುಗಿದರು. "ಬೀಗರ, ಒಂಚೂರು ಟೀವಿ ಮಗ್ಗಲಾಗ ನಿಂದರ್ರಿ."

ನಿಂತರು. ಮೂರು ಮೂಗು, ಒಂದೇ ಸಾಲಿನಲ್ಲಿ. ಪಡಸಾಲೆಯ ಹೆಂಗಸರೆಲ್ಲ ಒಂದೇ ದನಿಯಲ್ಲಿ, "ಅಯ್ಯ ಶಿವನ!" ಎಂದರು. ಖೈರುನ್‌ಬಿ ಸೆರಗು ಬಾಯಿಗೆ ಒತ್ತಿಕೊಂಡಳು. ಯಜಮಾನರು ಫೋಟೋ ತೆಗೆಸಿಕೊಳ್ಳುವವರಂತೆ ಸೆಟೆದು ನಿಂತಿದ್ದರು.

ಗೆದ್ದದ್ದು ನಮ್ಮ ಮನೆಯೇ, ಅದರಲ್ಲಿ ಸಂಶಯವಿಲ್ಲ. ಆದರೆ ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ. ನಲವತ್ತು ವರ್ಷದ ಹಿಂದೆ ಇವರು ನನ್ನನ್ನು ನೋಡಲು ಬಂದು ಹೋದ ಮೇಲೆ ನಾನು ಅವ್ವನ ಮುಂದೆ ಎರಡು ದಿನ ಉಣ್ಣದೆ ಕುಳಿತಿದ್ದೆ. "ಹುಡುಗ ಛಲೋ ಅದಾನ, ಆ ಮೂಗ ಒಂದು ಬ್ಯಾಡಬೇ!" ಎಂದು. ಅದೇ ಮೂಗನ್ನು ನಮ್ಮದು, ನಮ್ಮದೇ ಎಂದು ಸಾಧಿಸುವುದಕ್ಕಾಗಿ ಮೊನ್ನೆ ಒಂದು ಕಂಪ್ಯೂಟರನ್ನೂ ಒಂದು ಟೀವಿಯನ್ನೂ ತಲೆಕೆಳಗು ಮಾಡಿದವಳು ನಾನೇ!