ಮಾನ್ವಿಯ ತಪ್ಪುಗಳ್ಳ

೧೯೭೬ನೆಯ ಇಸವಿ, ನನಗೆ ಆಗ ಇಪ್ಪತ್ತೊಂಬತ್ತು ವರ್ಷ. ಮಾನ್ವಿಯ ಶಾಲೆಯಲ್ಲಿ ನಾನು ಕನ್ನಡ ಮಾಸ್ತರ. ನಮ್ಮ ಡ್ರಿಲ್ ಮಾಸ್ತರರು ಅದೇ ಶಾಲೆಯ ಕಳ್ಳರು! ಅವರು ಕದಿಯುತ್ತಿದ್ದುದು ಬೇರೆಯವರ ತಪ್ಪುಗಳನ್ನು. ಯಾರು ಏನು ಕೆಡಿಸಿದರೂ, ಕೆಡಿಸಿದವನು ಬಾಯಿ ತೆರೆಯುವ ಮೊದಲೇ ತಪ್ಪನ್ನು ಎತ್ತಿಕೊಂಡುಬಿಡುತ್ತಿದ್ದರು.

ಒಮ್ಮೆ ಹೋಟೆಲಿನಲ್ಲಿ ಒಬ್ಬ ಮುದುಕನ ಕೈ ಜಾರಿ, ಅಕ್ಕಿ ಗಿರಣಿಯ ಸಾಹುಕಾರರ ಬಿಳಿ ಧೋತರದ ಮೇಲೆ ಚಹಾ ಚೆಲ್ಲಿತು. ಸಾಹುಕಾರರು ಏಳುವಷ್ಟರಲ್ಲಿ ಮೂಲೆಯಿಂದ ನಮ್ಮ ಡ್ರಿಲ್ ಮಾಸ್ತರರು ಎದ್ದಿದ್ದರು: "ತಪ್ಪು ನಂದ್ರಿ, ಸಾವ್ಕಾರ್ರ."

"ನೀವು ಆ ಮೂಲ್ಯಾಗ ಕುಂತೀರಿ, ಚಾ ಇಲ್ಲಿ ಚೆಲ್ಲೇದ. ನಿಮ್ಮ ಕೈ ಏನು ಬಾವಿ ಹಗ್ಗದಷ್ಟು ಉದ್ದ ಅದಾವೇನ್ರಿ?"

"ಬೈಯೋದಿದ್ರ ನನಗ ಬೈರಿ. ಆ ಯಪ್ಪ ಆಗಲೇ ನಡುಗಾಕತ್ತಾನ."

ಸಾಹುಕಾರರು ಮನಸಾರೆ ಬೈದರು. ಬೈಗುಳವೆಲ್ಲ ಮುಗಿದ ಮೇಲೆ ನಮ್ಮವರು ಕುಳಿತು, ಉಳಿದಿದ್ದ ಉಪ್ಪಿಟ್ಟನ್ನೂ ಮುಗಿಸಿದರು.

ಅವರು ಕ್ರೈಸ್ತರು. ಪ್ರತಿ ಶುಭ ಶುಕ್ರವಾರ ಉಪವಾಸವಿದ್ದು, ಮಧ್ಯಾಹ್ನ ಮೂರಕ್ಕೆ ಕ್ರಿಸ್ತನ ಸಾವನ್ನು ನೆನೆದು ಒಂದು ಲೋಟ ಬೇವಿನ ರಸ ಕುಡಿಯುವುದು ಅವರು ತಾವೇ ಹಚ್ಚಿಕೊಂಡ ನೇಮ. ಅಂಥ ಒಂದು ಶುಕ್ರವಾರ ನಾನು ತರ್ಕಬದ್ಧವಾಗಿ ಕೆಣಕಿದೆ:

"ಪಾಪ ಮಾಡಿದವ್ರು ನಾವು, ಸತ್ತಾಂವ ಅವ. ನನಗ ಜ್ವರ ಬಂದಾಗ ನೀವು ಗುಳಿಗಿ ನುಂಗಿದ್ರ ನನಗ ಹೆಂಗ್ರಿ ಆರಾಮ ಆಗ್ತದ?"

"ಎದಿಹಾಲು ಕುಡಿಯೋ ಕೂಸಿಗೆ ಕೆಮ್ಮು ಬಂದ್ರ ನಿಮ್ಮ ಮನ್ಯಾಗ ಕಷಾಯ ಯಾರು ಕುಡೀತಾರ್ರಿ?"

"ಕೂಸಿನ ಅವ್ವ."

"ಕೆಮ್ಮು ಆಕಿಗಿ ಬಂದಿತ್ತೇನು?"

ವಾದದಲ್ಲಿ ಸೋತ ಪಂಡಿತನು ಏನು ಮಾಡಬೇಕೋ ಅದನ್ನೇ ಮಾಡಿದೆ: ನಾಲ್ಕು ದಿನ ಅವರೊಡನೆ ಮಾತು ಬಿಟ್ಟೆ.

ಸಂಜೆ ಸರಿಯಾಗಿ ಐದಕ್ಕೆ ಶಾಲೆಯ ಕೋಣೆಗಳಿಗೆ ಬೀಗ ಹಾಕುವುದು ನನ್ನ ಪಾಲಿನ ಕೆಲಸ. ಅದು ಐದು ಗಂಟೆ ಒಂದು ನಿಮಿಷವಾದದ್ದನ್ನು ಯಾರೂ ಕಂಡಿಲ್ಲ. ಆ ಡಿಸೆಂಬರಿನಲ್ಲಿ ತಪಾಸಣೆಗೆ ಬಂದ ಸಾಹೇಬರು, ಉಂಡ ಊಟದ ಭಾರಕ್ಕೆ, ಪುಸ್ತಕದ ಕೋಣೆಯಲ್ಲಿ ನಿದ್ದೆಹೋಗಿದ್ದರು. ಐದಾಯಿತು. ಒಳಗೆ ಇಣುಕದೆ ಬೀಗ ಜಡಿದು, ಕೀಲಿಯನ್ನು ಜೇಬಿಗಿಳಿಸಿ, ನಾನು ರಾಯಚೂರಿನ ಬಸ್ಸು ಹತ್ತಿದೆ. ಸಾಹೇಬರನ್ನು ಹೊರತೆಗೆಯಲು ಬಾಗಿಲನ್ನೇ ಒಡೆಯಬೇಕಾಯಿತಂತೆ!

ಮರುದಿನ ನಾನು ಮರಳುವಷ್ಟರಲ್ಲಿ ನನ್ನ ತಪ್ಪು ಕಳುವಾಗಿತ್ತು. "ಬೀಗ ನಾ ಹಾಕಿದ್ದೆ, ಕೀಲಿ ಎಲ್ಲೋ ಬಿತ್ತು" ಎಂದು ಡ್ರಿಲ್ ಮಾಸ್ತರರು ಒಪ್ಪಿಕೊಂಡಾಗಿತ್ತು. ಅವರಿಗೆ ದೇವದುರ್ಗಕ್ಕೆ ವರ್ಗವಾಯಿತು. ತುಂಬು ಬಸುರಿ ಹೆಂಡತಿಯೊಡನೆ ಹೊರಟರು. ನನ್ನ ಬಡ್ತಿಯ ಕಾಗದ ಅದೇ ಸಾಹೇಬರ ಮೇಜಿನ ಮೇಲಿತ್ತು. ನಾನು ಬಾಯಿ ತೆರೆಯಲಿಲ್ಲ.

ಏಳು ವರ್ಷ ಕಳೆಯಿತು. ರಾಯಚೂರಿನಲ್ಲಿ ನಾನು ಹೆಡ್‌ಮಾಸ್ತರನಾದೆ. ಬೀಗ ಹಾಕುವ ಮೊದಲು ಮೂರು ಸಲ ಒಳಗಿಣುಕುವ ಚಟವೂ ಅಂಟಿಕೊಂಡಿತು. ಕೊನೆಗೊಂದು ಶುಭ ಶುಕ್ರವಾರ, ಶಾಲೆಗೆ ರಜೆ, ದೇವದುರ್ಗದ ಬಸ್ಸು ಹತ್ತಿದೆ. ಅವರು ಕಟ್ಟೆಯ ಮೇಲೆ ಬೇವಿನ ರಸದ ಲೋಟ ಹಿಡಿದು ಕುಳಿತಿದ್ದರು. ಹಳೆಯ ಕೀಲಿಯನ್ನು ಅವರ ಮುಂದಿಟ್ಟೆ.

"ಆ ಬೀಗ ಹಾಕಿದಾಂವ ನಾನು."

"ಗೊತ್ತದ. ಅಷ್ಟು ಬರೋಬ್ಬರಿ ಐದಕ್ಕ ಮತ್ಯಾರು ಹಾಕ್ತಾರ್ರಿ?"

ಆ ಕಹಿಯನ್ನಾದರೂ ನಾನೇ ಕುಡಿಯೋಣವೆಂದು ಲೋಟಕ್ಕೆ ಕೈ ಚಾಚಿದೆ. ಅವರು ಅದನ್ನು ಹಿಂದಕ್ಕೆ ಸೆಳೆದು, ಒಂದೇ ಉಸಿರಿಗೆ ಕುಡಿದು, ಮುಖ ಕಿವಿಚಿದರು. ಬಳಿಕ ಒಳಗಿದ್ದ ಹೆಂಡತಿಯನ್ನು ಕೂಗಿದರು: "ಮಾಸ್ತರ್ ಬಂದಾರ. ಚಾ ಇಡು, ಸಕ್ರಿ ಜಾಸ್ತಿ ಹಾಕು."

ಆ ಸಿಹಿ ಚಹಾ ಕುಡಿಯುತ್ತ ನಾನು ಅತ್ತೆ. ನನ್ನ ಕೆಮ್ಮು ನಿಂತದ್ದು ೧೯೮೪ನೆಯ ಇಸವಿಯ ಏಪ್ರಿಲ್ ೨೦ರಂದು, ಮಧ್ಯಾಹ್ನ ಮೂರು ಗಂಟೆಗೆ.