ಫ್ಯಾನಿಗೆ ಕಟ್ಟಿದ ಗ್ರಂಥಾಲಯ

ಮಕ್ಕಳಿಗೆ ಓದಿನ ರುಚಿ ಹತ್ತಿಸುವುದು ಜೀವಕ್ಕೆ ಕುತ್ತು ತರುವ ಕೆಲಸವೆಂದು ಬಿ.ಎಡ್.ನಲ್ಲಿ ನನಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೂ ಕೇಳುತ್ತಿರಲಿಲ್ಲ, ಅದು ಬೇರೆ ಮಾತು. ಅರಕಲಗೂಡಿನಿಂದ ಕೊಣನೂರಿನ ಕಡೆಯ ಶಾಲೆಗೆ ದಿನಾ ಬಸ್ಸಿನಲ್ಲಿ ನಿಂತುಕೊಂಡೇ ಕಾದಂಬರಿ ಓದುತ್ತಾ ಹೋಗುವವಳು ನಾನು. ಎಷ್ಟೋ ಸಲ ಇಳಿಯುವ ಸ್ಟಾಪನ್ನು ಕಂಡಕ್ಟರೇ ನೆನಪಿಸಿದ್ದಾನೆ.

ನಮ್ಮ ಶಾಲೆಯ ಪುಸ್ತಕಗಳು ಮಾತ್ರ ಬೀರುವಿನೊಳಗೆ ಬೀಗ ಹಾಕಿಸಿಕೊಂಡು ಕ್ಷೇಮವಾಗಿದ್ದವು. ಕಳೆದುಹೋದರೆ ಹೆಡ್ಮಾಸ್ಟರು ಉತ್ತರ ಕೊಡಬೇಕು. ಯಾರೂ ಓದದಿದ್ದರೆ ಕೇಳುವವರೇ ಇಲ್ಲ. ನಾನು ಹಟ ಹಿಡಿದು ಬೀಗ ತೆಗೆಸಿದೆ. ಏಳನೇ ತರಗತಿಯ ಮಕ್ಕಳು ಮಧ್ಯಾಹ್ನದ ಒಂದು ಪೀರಿಯಡ್ಡು ತಮಗೆ ಬೇಕಾದ್ದನ್ನು ತಾವೇ ಓದಬೇಕು. ಪ್ರಶ್ನೆ ಕೇಳುವುದಿಲ್ಲ, ಸಾರಾಂಶ ಬರೆಸುವುದಿಲ್ಲ. ಪುಸ್ತಕಗಳನ್ನು ಬಟ್ಟೆ ಒಣಹಾಕಿದ ಹಾಗೆ ಹಗ್ಗದ ಮೇಲೆ ಹಾಕೋಣವೆಂದರೆ ಮೊಳೆ ಬೇಕು. ಗೋಡೆಗೆ ಹೊಸ ಬಣ್ಣ ಬಳಿಸಿದ್ದ ಹೆಡ್ಮಾಸ್ಟರು, ಮೊಳೆಯನ್ನು ಅವರ ಹಣೆಗೇ ಹೊಡೆಯುತ್ತೇನೇನೋ ಎಂಬಂತೆ ನನ್ನನ್ನು ನೋಡಿದರು. ಸರಿ, ಹಗ್ಗದ ಒಂದು ತುದಿಯನ್ನು ಕಿಟಕಿಯ ಸರಳಿಗೆ ಕಟ್ಟಿದೆ, ಇನ್ನೊಂದನ್ನು ಫ್ಯಾನಿನ ರೆಕ್ಕೆಗೆ.

ನಗಬೇಡಿ. ನಮ್ಮ ಕಡೆ ಮಧ್ಯಾಹ್ನ ಕರೆಂಟ್ ಇರುವುದಿಲ್ಲ. ಬಂದಾಗ ಗೊತ್ತಾಗಲಿ ಅಂತ ಸ್ವಿಚ್ಚು ಮಾತ್ರ ಸದಾ ಹಾಕಿಯೇ ಇರುತ್ತದೆ.

ಆ ದಿನ ಗೊತ್ತಾಯಿತು.

ಹಗ್ಗ ಸರ್ರನೆ ಸುತ್ತಿಕೊಂಡಿತು, ಪುಸ್ತಕಗಳು ಬೆದರಿದ ಕೋಳಿಗಳ ಹಾಗೆ ಹಾರಿದವು, ಫ್ಯಾನು ಓಲಾಡತೊಡಗಿತು. ಮಕ್ಕಳೆಲ್ಲ ಬಾಗಿಲಿಗೆ ನುಗ್ಗಿದರು. ಚಂದನ ಎಂಬ ಹುಡುಗಿ ಮಾತ್ರ ಫ್ಯಾನಿನ ನೇರ ಕೆಳಗೆ ಕೂತು ಓದುತ್ತಿದ್ದಳು.

"ಏಳೇ ಮೇಲೆ!" ಎಂದು ಕಿರುಚಿದೆ.

"ತಡೀರಿ ಮಿಸ್, ಇನ್ನರ್ಧ ಪುಟ ಐತೆ."

ತೋಳು ಹಿಡಿದು ಎಳೆದೆ. ತುಕ್ಕು ಹಿಡಿದ ಬೋಲ್ಟು ಕಿತ್ತುಬಂದು, ಅವಳು ಕೂತಿದ್ದ ಜಾಗಕ್ಕೇ ಫ್ಯಾನು ಬಿತ್ತು. ಅನ್ನ ಕಲಸುವಾಗ, ಬಸ್ಸಿನಲ್ಲಿ ನಿಂತಾಗ, ಈಗಲೂ ಅದು ಕಣ್ಣ ಮುಂದೆ ಮತ್ತೆ ಬೀಳುತ್ತದೆ. ಪ್ರತಿಸಲವೂ ನನ್ನ ಕೈ ಕೊಂಚ ತಡವಾಗಿ ಹೋಗುತ್ತದೆ.

ಹೆಡ್ಮಾಸ್ಟರು ಓಡಿ ಬಂದರು. "ನೋಡಿದ್ರಾ ಮೇಡಂ? ಬೀರುವಿನಲ್ಲಿದ್ದಾಗ ಇವು ಯಾರ ತಂಟೆಗಾದ್ರೂ ಹೋಗಿದ್ವಾ? ನಾಳೆಯಿಂದ ಓದೋದು ಬಂದ್!"

ಚೆಲ್ಲಾಪಿಲ್ಲಿಯಾದ ಪುಸ್ತಕಗಳನ್ನು ಹೆಕ್ಕುತ್ತಲೇ ಹೇಳಿದೆ. "ಬಿದ್ದದ್ದು ಫ್ಯಾನು ಸಾರ್, ಪುಸ್ತಕ ಅಲ್ಲ. ಹಗ್ಗ ಕಟ್ಟಿದ್ದು ನಾನು, ನನಗೆ ನೋಟಿಸ್ ಕೊಡಿ. ಓದೋದು ಮಾತ್ರ ನಿಲ್ಲಲ್ಲ."

ಮರುದಿನ ಚಂದನಳ ತಾಯಿ ಬಂದರು. "ಬುದ್ಧಿ ಐತಾ ಮಿಸ್ಸೇ ನಿಮ್ಗೆ? ಫ್ಯಾನಿಗ್ಯಾರಾದ್ರೂ ಹಗ್ಗ ಕಟ್ತಾರಾ?" ಹೆಡ್ಮಾಸ್ಟರು ತೃಪ್ತಿಯಿಂದ ತಲೆದೂಗಿದರು. ಆಕೆ ಗಕ್ಕನೆ ಅವರ ಕಡೆ ತಿರುಗಿದರು. "ನೀವ್ಯಾಕ್ ತಲೆ ಆಡಿಸ್ತೀರಾ ಸಾ? ಒಂದ್ ಮೊಳೆ ಒಡ್ಯಕ್ ಬಿಡ್ನಿಲ್ವಂತಲ್ಲ! ಆ ಅರ್ಧ ಪುಟದಲ್ಲಿ ಏನಾಯ್ತೋ ಅಂತ ಇವ್ಳು ನಿನ್ನೆಯಿಂದ ನನ್ ಪ್ರಾಣ ತಿಂತಾವ್ಳೆ. ಮೊದ್ಲು ಆ ಪುಸ್ತಕ ಕೊಡಿ."

ಮೊಳೆಗಳು ಬಂದವು. ಓದು ನಡೆಯುತ್ತಿದೆ, ಯಾರು ಏನೇ ಅಂದರೂ ನಡೆಯುತ್ತದೆ. ಮಕ್ಕಳ ಜೊತೆ ನಾನೂ ಪುಸ್ತಕ ಬಿಡಿಸಿ ಕೂರುತ್ತೇನೆ, ಕಣ್ಣು ಮಾತ್ರ ಮೇಲಿನ ಖಾಲಿ ಕೊಂಡಿಯಿಂದ ಇಳಿಯುವುದಿಲ್ಲ. ಮೊನ್ನೆ ಚಂದನ ಹತ್ತಿರ ಬಂದು, ಓದಲು ಬಾರದ ಮಗುವನ್ನು ನಾನು ಮಾತಾಡಿಸುವ ದನಿಯಲ್ಲೇ ಕೇಳಿದಳು: "ಆಗ್ಲಿಂದ ಅದೇ ಪುಟದಲ್ಲಿದ್ದೀರಲ್ಲ ಮಿಸ್, ಕಷ್ಟ ಆಯ್ತದಾ? ಬೇರೆ ಕೊಡ್ಲಾ?"

ಹೂಂ ಅಂದೆ. ಅಕ್ಷರ ಕಡಿಮೆ, ಚಿತ್ರ ಜಾಸ್ತಿ ಇರುವುದನ್ನೇ ಆರಿಸಿ ತಂದುಕೊಟ್ಟಳು.