ಓದವ್ರು ಬಿದ್ದಾರ!

ನಮ್ಮ ಮಾಮನಷ್ಟು ಮರ್ಯಾದಸ್ಥರು ಮುಂಬಯಿಯಲ್ಲಿ ಇನ್ನೊಬ್ಬರಿಲ್ಲ. ಆದರೆ ಆ ಮರ್ಯಾದೆಯೆಲ್ಲ ಮೊಬೈಲಿನೊಳಗೆ ಕೂತು ಕಾದಂಬರಿ ಓದುವ ಒಬ್ಬ ಮಹಾಶಯರಿಗೇ ಮೀಸಲು! ಹೆಂಡತಿ 'ಇಕಿ', ಹೌಸಿಂಗ್ ಸೊಸೈಟಿಯ ಸೆಕ್ರೆಟರಿ 'ಅಂವಾ', ನಾನು 'ಏನವಾ'. ಮೊಬೈಲಿನೊಳಗಿನವರು ಮಾತ್ರ 'ಓದವ್ರು'.

ಇದು ನಗುವ ವಿಷಯವೇ. ನಗುತ್ತಲೇ ಹೇಳಬೇಕೆಂದು ಕೂತಿದ್ದೇನೆ. ಆದರೆ ಮೊನ್ನೆಯಿಂದ ಲೋಕಲ್ ಗಾಡಿಯ ಹಾರ್ನ್ ಕೇಳಿದರೆ ಕೈಯಲ್ಲಿರುವ ಚಹಾ ಲೋಟವನ್ನು ಕೆಳಗಿಡಬೇಕಾಗುತ್ತದೆ, ಇಲ್ಲವಾದರೆ ಚೆಲ್ಲುತ್ತದೆ. ಮಾಮನ ಘಾಟ್ಕೋಪರಿನಲ್ಲಾಗಲಿ ನನ್ನ ವಿಲೆ ಪಾರ್ಲೆಯಲ್ಲಾಗಲಿ ಹಾರ್ನ್ ಕೇಳದ ಗಳಿಗೆಯಾದರೂ ಯಾವುದು?

ಮಾಮ ಎಂದರೆ ನನ್ನ ತಾಯಿಯ ಅಣ್ಣ. ಧಾರವಾಡದಿಂದ ನೌಕರಿಗೆ ಬಂದು ಇಲ್ಲಿಯೇ ನಿವೃತ್ತರಾದವರು. ಈಚೆಗೆ ಅವರ ಕಣ್ಣಿನ ನಡುಭಾಗ ಮಸುಕಾಗಿ, ಪುಸ್ತಕ ಹಿಡಿದರೆ ಅಂಚು ಕಾಣುತ್ತದೆ, ಅಕ್ಷರ ಕಾಣುವುದಿಲ್ಲ. ಅದಕ್ಕೇ ಮೊಬೈಲಿಗೆ ಆಡಿಯೋ ಪುಸ್ತಕದ ಆ್ಯಪ್ ಹಾಕಿಕೊಟ್ಟೆ. ಹಾಕಿಕೊಟ್ಟವಳೇ ರಿಪೇರಿಯವಳೂ ಆದೆ. ಪ್ರತಿ ರವಿವಾರ ವಿಲೆ ಪಾರ್ಲೆಯಿಂದ ಘಾಟ್ಕೋಪರಿಗೆ ನನ್ನ ಸವಾರಿ!

ಮೊದಲ ದೂರು, ಓದವರು ನಡುವೆಯೇ ನಿಂತುಬಿಡುತ್ತಾರೆ ಎಂದು. ಹೋಗಿ ನೋಡಿದರೆ ಮನೆಯಲ್ಲಿ ಪಿಸುಮಾತು. ಮಾಮಿ ಒಲೆಯ ಮುಂದೆ ಸಿಟ್ಟಿನಿಂದ ನಿಂತಿದ್ದರು.

"ನೋಡವಾ, ಕುಕ್ಕರ್ ಇಡಬ್ಯಾಡ ಅಂತಾರ ನಿಮ್ಮ ಮಾಮಾ."

"ಸಾವಕಾಶ ಮಾತಾಡ. ಓದವ್ರು ಮಲಗ್ಯಾರ," ಎಂದರು ಮಾಮ.

ಎಲ್ಲಿಯೋ ಬೆರಳು ತಾಗಿ, ಇಷ್ಟು ಹೊತ್ತಾದ ಮೇಲೆ ಓದನ್ನು ತಾನೇ ನಿಲ್ಲಿಸುವ ಸ್ಲೀಪ್ ಟೈಮರ್ ಚಾಲೂ ಆಗಿತ್ತು. ತೆಗೆದುಹಾಕಿದೆ. ಮಾಮ ನನ್ನನ್ನು ಕಟುಕರನ್ನು ನೋಡಿದಂತೆ ನೋಡಿದರು. "ಮನಷ್ಯಾ ನಿದ್ದಿ ಮಾಡೋದೂ ಬ್ಯಾಡೇನು?"

ಮುಂದಿನ ವಾರ ಓದುವ ವೇಗ ದುಪ್ಪಟ್ಟಾಗಿತ್ತು. ಕಾದಂಬರಿಯ ನಾಯಕಿ ಅಳುವುದೂ ಬಡಬಡ, ಅವಳ ಅತ್ತೆ ಸಾಯುವುದೂ ಬಡಬಡ. "ಏನ ಮಾಡೋದವಾ, ಓದವ್ರಿಗೆ ಇವತ್ತ ಲೋಕಲ್ ಹಿಡಿಯೋದದ ಕಾಣಸ್ತದ," ಎಂದು ಮಾಮ ಸಮಾಧಾನದಿಂದ ಕೂತಿದ್ದರು. ಅಷ್ಟರಲ್ಲಿ ಅರ್ಧ ಕಾದಂಬರಿ ಮುಗಿದಿತ್ತು!

ಮೂರನೆಯದು ಬ್ಲೂಟೂತ್ ಪ್ರಕರಣ. ಮೊಬೈಲ್ ಹೋಗಿ ಎದುರು ಫ್ಲ್ಯಾಟಿನ ಗುಜರಾತಿ ಕುಟುಂಬದ ಸ್ಪೀಕರಿಗೆ ಜೋಡಣೆಯಾಗಿತ್ತು. ಅಲ್ಲಿ ಮಗಳನ್ನು ನೋಡಲು ಗಂಡಿನ ಕಡೆಯವರು ಬಂದು ಕೂತಿದ್ದಾರೆ. ಸ್ಪೀಕರಿನಲ್ಲಿ ಗಂಡು ದನಿಯೊಂದು ಕನ್ನಡದಲ್ಲಿ ಬಾವಿಗೆ ಹಾರುತ್ತೇನೆ ಎನ್ನುತ್ತಿದೆ! ಆ ಮನೆಯಾಕೆ ಬಂದು ಬಾಗಿಲು ಬಡಿದರು. "ಅಂಕಲ್, ಆಪ್ ಕಾ ಆದ್ಮಿ ಹಮಾರೆ ಘರ್ ಮೆ ಬೋಲ್ ರಹಾ ಹೈ!"

ನಿಮ್ಮವರು ನಮ್ಮ ಮನೆಯಲ್ಲಿ ಮಾತಾಡುತ್ತಿದ್ದಾರೆ ಎಂಬ ಈ ದೂರಿಗೆ ಮಾಮ ನನ್ನತ್ತ ತಿರುಗಿ ಕೇಳಿದ್ದು ಒಂದೇ. "ಓದವ್ರಿಗೆ ಚಾ ಕೊಟ್ಟರಂತೇನು?"

ಹುಚ್ಚು ಎನ್ನುವಿರಾ? ನಾನೂ ಒಮ್ಮೆ ಹಾಗೆಂದು ಬೈಸಿಕೊಂಡಿದ್ದೇನೆ. "ರೆಕಾರ್ಡಿಂಗ್ ಅಂತ ನನಗೂ ಗೊತ್ತದ. ಆದ್ರ ಓದಬೇಕಾದ್ರ ಒಬ್ಬರು ಕೂತಿದ್ರೋ ಇಲ್ಲೋ? ನನಗೋಸ್ಕರ ಗಂಟಲಾ ಹರಕೊಂಡಿದ್ರೋ ಇಲ್ಲೋ?" ಎಂದರು ಮಾಮ.

ಓದವರು ಇನ್ನು ಕಂಡವರ ಮನೆಗೆ ಹೋಗದಿರಲಿ ಎಂದು, ತಂತಿಯಿಲ್ಲದ, ಕಿವಿಯೊಳಗೆ ಕೂಡುವ ಪುಟ್ಟ ಇಯರ್‌ಬಡ್ ಜೋಡಿ ತಂದುಕೊಟ್ಟೆ. ಅಲ್ಲಿಗೆ ದೂರುಗಳು ನಿಂತವು. ಮಾಮನನ್ನು ಕರೆದರೆ ಅವರಿಗೆ ಕೇಳಿಸುವುದೂ ನಿಂತಿತು.

ಮೊನ್ನೆ ಅವರನ್ನು ಬೈಕುಲ್ಲಾದ ಕಣ್ಣಿನ ಡಾಕ್ಟರರ ಬಳಿ ಕರೆದೊಯ್ಯಲು ಘಾಟ್ಕೋಪರ್ ಸ್ಟೇಷನ್ನಿಗೆ ಬಂದಿದ್ದೆ. ಪ್ಲಾಟ್‌ಫಾರ್ಮಿನ ಕಂಬದ ಪಕ್ಕ ಅವರನ್ನು ನಿಲ್ಲಿಸಿ, ನೀರಿನ ಬಾಟಲಿ ತರಲು ಅಂಗಡಿಗೆ ಹೋದೆ. ಬಾಟಲಿ ಕೈಗೆ ಬರುವ ಮೊದಲೇ ಆ ಕೂಗು.

"ಗಿರ್ ಗಯೇ! ಸಾಬ್ ನೀಚೆ ಗಿರ್ ಗಯೇ!"

ಮಾಮನ ದನಿ. ಯಾರೋ ದೊಡ್ಡ ಮನುಷ್ಯರು ಹಳಿಗೆ ಬಿದ್ದಿದ್ದಾರೆ ಎಂದೇ ಎಲ್ಲರಿಗೂ ಅನಿಸಿತು. ಜನ ಅಂಚಿಗೆ ನುಗ್ಗಿದರು. "ಕೌನ್? ಕಿಧರ್?" ಎಂದು ಒಬ್ಬ, "ಜಿಂದಾ ಹೈ ಕ್ಯಾ?" ಜೀವ ಇದೆಯೇ ಎಂದು ಇನ್ನೊಬ್ಬ.

"ಹಾಂ, ಹಾಂ! ಅಭೀ ಭೀ ಬೋಲ್ ರಹೇ ಹೈಂ!" ಎಂದರು ಮಾಮ.

ಹೌದು, ಇನ್ನೂ ಮಾತಾಡುತ್ತಲೇ ಇದ್ದರು. ಯಾರದೋ ಚೀಲ ತಾಗಿ ಎಡಗಿವಿಯ ಬಡ್ ಹಾರಿ ಹಳಿಗೆ ಬಿದ್ದಿತ್ತು. ಬಲಗಿವಿಯಲ್ಲಿ ಕಾದಂಬರಿ ನಡೆದೇ ಇತ್ತು!

ನನಗೆ ಅದು ಹೊಳೆದು ನಗು ಬರುವಷ್ಟರಲ್ಲಿ ಜನರ ಭುಜಗಳ ನಡುವೆ ಅಂಚು ಕಂಡಿತು. ಎಲ್ಲರೂ ಬಗ್ಗಿ ಹಳಿಯ ಮೇಲೆ 'ಸಾಬ್'ನನ್ನು ಹುಡುಕುತ್ತಿದ್ದರು. ಅಂಚಿನಲ್ಲಿ ಕೂತ ಮುದುಕನನ್ನು ಯಾರೂ ನೋಡುತ್ತಿರಲಿಲ್ಲ. ಮಾಮ ತಮ್ಮ ಊರುಗೋಲನ್ನು ನೀಟಾಗಿ ಬದಿಗಿಟ್ಟು ಒಂದು ಕಾಲನ್ನು ಕೆಳಗೆ ಇಳಿಬಿಟ್ಟಿದ್ದರು. ಇನ್ನೊಂದನ್ನು ಎತ್ತುತ್ತಿದ್ದರು. ಪ್ಲಾಟ್‌ಫಾರ್ಮಿನ ಆ ತುದಿಯಲ್ಲಿ ಗಾಡಿಯ ಮುಖ ಕಂಡಿತು. ಹಾರ್ನ್ ಬಿಡದೆ ಒದರುತ್ತಿತ್ತು.

"ಮಾಮಾ!"

ಆ ದನಿ ನನ್ನದೇ ಎಂದು ನನಗೇ ಗುರುತು ಸಿಗಲಿಲ್ಲ. ಮಾಮ ಎತ್ತಿದ ಕಾಲನ್ನು ಹಾಗೆಯೇ ನಿಲ್ಲಿಸಿ ಏನು ಮಾಡಿದರು ಗೊತ್ತೆ? ಒಂದು ಬೆರಳೆತ್ತಿದರು. ಈ ಬಡ್ ಬರುವ ಮೊದಲು, ಮನೆಯಲ್ಲಿ ಓದು ನಡೆದಾಗ ಯಾರಾದರೂ ಕರೆದರೆ ಎತ್ತುತ್ತಿದ್ದ ಅದೇ ಬೆರಳು. ತಾಳು, ವಾಕ್ಯ ಮುಗಿಯಲಿ ಎಂದು.

ಆ ಬೆರಳು ಗಾಳಿಯಲ್ಲಿದ್ದಷ್ಟು ಹೊತ್ತಿನಲ್ಲಿ, ಭಾಜಿ ಚೀಲ ಹಿಡಿದಿದ್ದ ಮರಾಠಿ ಹೆಂಗಸೊಬ್ಬರು ಚೀಲವನ್ನು ಬಿಸಾಡಿ ಅವರ ಕಾಲರಿಗೆ ಕೈ ಹಾಕಿದರು. ಇಬ್ಬರೂ ಹಿಂದಕ್ಕೆ ಬಿದ್ದರು. ಗಾಡಿ ಅವರ ಚಪ್ಪಲಿಯ ಪಕ್ಕದಲ್ಲಿ ನುಗ್ಗಿ ಹೋಯಿತು. ಮೆಂತ್ಯದ ಸೊಪ್ಪು ಎಲ್ಲೆಲ್ಲೂ ಹಾರಿತು.

"ಕಾಕಾ, ವೇಡೆ ಝಾಲಾತ್ ಕಾ?" ತಲೆ ಕೆಟ್ಟಿದೆಯೇ ಎಂದು ಆಕೆ ಕೂತಲ್ಲಿಂದಲೇ ಬೈದರು. ಬೈಯುತ್ತಲೇ ಮಾಮನ ಮೊಣಕಾಲಿನ ಧೂಳನ್ನು ತನ್ನ ಸೆರಗಿನಿಂದ ಒರೆಸಿದರು. ಗಾಡಿ ಹೋದ ಮೇಲೆ ಜನ ಉಸಿರು ಹಿಡಿದು ಹಳಿಯನ್ನು ಇಣುಕಿದರು. ಅಲ್ಲಿ ಯಾರೂ ಇರಲಿಲ್ಲ. ಬಿದ್ದವರು ಕಾದಂಬರಿ ಓದುವವರು ಎಂದು ಇಷ್ಟು ಜನರಿಗೆ ಹಿಂದಿಯಲ್ಲಿ ಹೇಗೆ ವಿವರಿಸುವುದು ಹೇಳಿ! ಹೇಗೋ ಹೇಳಿದೆ. ಯಾರೂ ನಗಲಿಲ್ಲ. ನಾನೂ ನಗಲಿಲ್ಲ. ಕಂಬ ಹಿಡಿದು ನಿಂತು ಅತ್ತೆ.

ಆ ದಿನ ಡಾಕ್ಟರರ ಬಳಿ ಹೋಗಲಿಲ್ಲ. ರಿಕ್ಷಾದಲ್ಲಿ ಮನೆಗೆ ಮರಳಿದೆವು. ರಾತ್ರಿ ಹಾಸಿಗೆಯಲ್ಲಿ ಕಣ್ಣು ಮುಚ್ಚಿದರೆ ನನಗೆ ಎತ್ತಿದ ಕಾಲು ಕಾಣುತ್ತದೆ, ಬೆರಳು ಕಾಣುತ್ತದೆ, ಗಾಡಿ ಕಾಣುತ್ತದೆ. ಆ ಹೆಂಗಸು ಮಾತ್ರ ಕೆಲವೊಮ್ಮೆ ಬರುವುದೇ ಇಲ್ಲ.

ಈ ರವಿವಾರ ಹೊಸ ಜೋಡಿ ತೆಗೆದುಕೊಂಡು ಹೋದೆ. ಮಾಮ ಬಲಗಿವಿಯದನ್ನು ಹಾಕಿಕೊಂಡರು. ಎಡಗಿವಿಯದನ್ನು ಡಬ್ಬಿಯೊಳಗೇ ಬಿಟ್ಟು ಮುಚ್ಚಳ ಹಾಕಿದರು.

"ಯಾಕ ಮಾಮಾ? ಸರಿ ಕೂಡವಲ್ದೇನು?"

"ಕೂಡ್ತದವಾ. ಆದ್ರ ಅವತ್ತ ಈ ಕಿವಿ ಖಾಲಿ ಇತ್ತು. ಅದಕ್ಕ ನೀ ಕರದದ್ದ ಕೇಳಸ್ತು." ಡಬ್ಬಿಯನ್ನು ನನ್ನ ಕೈಗಿಟ್ಟರು. "ಇದು ಇನ್ನ ಖಾಲಿನೇ ಇರ್ಲಿ."

ಸಂಜೆ ಇಬ್ಬರೂ ಸೊಸೈಟಿಯ ಅಂಗಳದಲ್ಲಿ ಸುತ್ತು ಹಾಕಿದೆವು. ನಾನು ಅವರ ಎಡಗಡೆ ನಡೆದೆ. ಹೇಳುವ ವಿಷಯವೇನೂ ಇರಲಿಲ್ಲ. ಆದರೂ ಕರೆದೆ.

"ಮಾಮಾ?"

ಈ ಸಲ ಬೆರಳೆತ್ತಲಿಲ್ಲ. ಕಿಸೆಗೆ ಕೈ ಹಾಕಿ, ಓದವರನ್ನು ವಾಕ್ಯದ ನಡುವೆಯೇ ನಿಲ್ಲಿಸಿದರು.

"ಹಾಂ, ಇದ್ದೀನವಾ. ಹೇಳು."